ಬಿಸಿನೀರಿನ ಬುಗ್ಗೆಯಲ್ಲಿ ಸ್ನಾನ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ಪುತ್ತೂರಿನ ಹತ್ತಿರ. ಅಲ್ಲಿನ ಬಿಸಿನೀರಿನ ಬುಗ್ಗೆ ಬೆಂದ್ರುತೀರ್ಥ ನನಗೆ ಚಿಕ್ಕಂದಿನಿಂದ ಗೊತ್ತಿರುವ ಜಾಗ. ಆಮೇಲೆ ಅಮ್ಮನನ್ನು ಚಾರ್‌ಧಾಮಕ್ಕೆ ಕರೆದುಕೊಂಡು ಹೋದೆ, ಮುಂಬೈಯಲ್ಲಿರುವ ದೊಡ್ಡಪ್ಪನ ಮನೆಯವರ ಜೊತೆ ಗಣೇಶಪುರಿಗೆ ಹೋದೆ. ಎರಡೂ ಕಡೆ ಒಂದೊಂದು ಎಡವಟ್ಟಾಯಿತು. ಅದಾದ ಮೇಲೆ ಈ ವಿಷಯವನ್ನು ಹುಡುಕಿ ಹುಡುಕಿ ಓದಿದೆ, ಸಿಕ್ಕ ಡಾಕ್ಟರ್‌ಗಳನ್ನೆಲ್ಲ ಕೇಳಿದೆ. ಈಗ ನೆಂಟರಲ್ಲಿ ಯಾರೇ ಯಾತ್ರೆಗೆ ಹೊರಟರೂ ನನಗೊಂದು ಫೋನ್ ಬರುತ್ತದೆ. ಎಲ್ಲರದ್ದೂ ಹೆಚ್ಚುಕಡಿಮೆ ಅದೇ ಪ್ರಶ್ನೆಗಳು. ನಾನು ಡಾಕ್ಟರ್ ಅಲ್ಲ. ಆದರೆ ಕುಂಡಕ್ಕೆ ಇಳಿಯುವ ಮೊದಲು ನಮ್ಮ ಮನೆಯವರಿಗೆ ಏನೇನು ಗೊತ್ತಿದ್ದರೆ ಚೆನ್ನಾಗಿತ್ತು ಅಂತ ನನಗೆ ಅನಿಸಿತೋ ಅದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ನೆಲದೊಳಗಿನಿಂದ ಬಿಸಿನೀರು ಬರೋದು ಹೇಗೆ? ಕೆಳಗೆ ಜ್ವಾಲಾಮುಖಿ ಇದೆಯಾ?

ಇಲ್ಲ. ಜಪಾನ್, ಐಸ್‌ಲ್ಯಾಂಡ್ ಕಡೆ ಹಾಗಿರಬಹುದು, ನಮ್ಮ ದೇಶದ ಬುಗ್ಗೆಗಳಲ್ಲಿ ಹೆಚ್ಚಿನವುಗಳ ಕತೆ ಬೇರೆ. ಮಳೆನೀರು ಬಂಡೆಗಳ ಬಿರುಕಿನಲ್ಲಿ ಆಳಕ್ಕೆ ಇಳಿಯುತ್ತದೆ. ಭೂಮಿಯೊಳಗೆ ಒಂದೊಂದು ಕಿಲೋಮೀಟರ್ ಇಳಿದ ಹಾಗೆ ಬಿಸಿ ಸುಮಾರು 25ರಿಂದ 30 ಡಿಗ್ರಿ ಏರುತ್ತದೆ. ಅಲ್ಲಿ ಕಾದ ನೀರು ಇನ್ನೊಂದು ಬಿರುಕಿನಲ್ಲಿ ಮೇಲೆ ಬರುತ್ತದೆ, ಬರುವಾಗ ಕಲ್ಲಿನಲ್ಲಿರುವ ಉಪ್ಪು, ಗಂಧಕ, ಸಿಲಿಕಾ, ಫ್ಲೋರೈಡ್ ಎಲ್ಲವನ್ನೂ ಕರಗಿಸಿಕೊಂಡು ಬರುತ್ತದೆ. ದೇಶದಲ್ಲಿ ಇಂಥ ಬುಗ್ಗೆಗಳು 300ಕ್ಕಿಂತ ಜಾಸ್ತಿ ಇವೆ. ಒಂದೊಂದರ ನೀರೂ ಒಂದೊಂದು ಥರ, ಹಾಗಾಗಿ ಒಂದು ಕುಂಡದ ಬಗ್ಗೆ ಕೇಳಿದ್ದನ್ನು ಇನ್ನೊಂದಕ್ಕೆ ಹಚ್ಚಬೇಡಿ.

ನಮ್ಮ ಕರ್ನಾಟಕದಲ್ಲಿ ಇದೆಯಾ?

ಇದೆ. ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ, ಸೀರೆಹೊಳೆಯ ದಡದಲ್ಲಿ ಬೆಂದ್ರುತೀರ್ಥ ಇದೆ. ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಇದು ಕುದಿಯುವ ನೀರಲ್ಲ, ಬಾಣಲೆಯಂತೆ ಸುಡುವುದೂ ಇಲ್ಲ, ಮೈಗೆ ಹಿತವಾಗಿ ಬೆಚ್ಚಗಿರುತ್ತದೆ ಅಷ್ಟೇ. ಹಿಮಾಚಲದ ಮಣಿಕರಣ್‌ನ ಕುದಿಯುವ ಬುಗ್ಗೆ ನೋಡಿ ಬಂದವರು ಇಲ್ಲಿಗೆ ಬಂದು "ಇಷ್ಟೇನಾ" ಅಂತಾರೆ. ನನ್ನನ್ನು ಕೇಳಿದರೆ ಸ್ನಾನಕ್ಕೆ ಇಷ್ಟೇ ಬಿಸಿ ಒಳ್ಳೆಯದು.

ಉಳಿದಂತೆ ನಮ್ಮವರು ಹೋಗುವುದು ಬದರಿಯ ತಪ್ತಕುಂಡ, ಯಮುನೋತ್ರಿ, ಮಣಿಕರಣ್, ಬಿಹಾರದ ರಾಜಗೀರ್, ಮತ್ತೆ ಮುಂಬೈ ಕನ್ನಡಿಗರು, ತುಳುವರು ಜಾಸ್ತಿ ಹೋಗುವ ಗಣೇಶಪುರಿ, ವಜ್ರೇಶ್ವರಿ ಕಡೆಗೆ. ಗಣೇಶಪುರಿ ನಮ್ಮ ಕರಾವಳಿಯವರಿಗೆ ಯಾಕೆ ಅಷ್ಟು ಹತ್ತಿರ ಅಂದರೆ, ನಿತ್ಯಾನಂದ ಸ್ವಾಮಿಗಳು ಅಲ್ಲಿಗೆ ಹೋಗಿ ನೆಲೆಸುವ ಮುಂಚೆ ಮಂಗಳೂರು, ಕಾಞಂಗಾಡು ಕಡೆ ಇದ್ದವರು. 1961ರಲ್ಲಿ ಅವರು ಸಮಾಧಿಯಾದದ್ದೂ ಗಣೇಶಪುರಿಯಲ್ಲೇ.

ಮಂಡಿನೋವು ನಿಜವಾಗಲೂ ಕಡಿಮೆ ಆಗುತ್ತಾ?

ಆಗುತ್ತದೆ, ಆದರೆ ಜನ ಹೇಳುವಷ್ಟು ಅಲ್ಲ. ಬಿಸಿನೀರಿನ ಸ್ನಾನದಿಂದ ಆಗುವ ಲಾಭಗಳಲ್ಲಿ ಜಾಸ್ತಿ ಪರೀಕ್ಷೆ ಆಗಿರುವುದು ಕೀಲುನೋವಿನ ಮೇಲೆಯೇ. ಸವೆದ ಮಂಡಿ, ಹಳೇ ಸೊಂಟನೋವು, ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ, ಇವುಗಳಲ್ಲಿ ನೋವು ಇಳಿದು ಓಡಾಟ ಸಲೀಸಾಗುತ್ತದೆ ಅಂತ ಯುರೋಪಿನಲ್ಲಿ ಮಾಡಿದ ಹಲವು ಪರೀಕ್ಷೆಗಳು ಹೇಳುತ್ತವೆ. ಹೆಚ್ಚಿನವು ಚಿಕ್ಕ ಪರೀಕ್ಷೆಗಳು, ಹಾಗಾಗಿ ತಜ್ಞರು ಇದನ್ನು ಪೂರ್ತಿ ಗಟ್ಟಿ ಪುರಾವೆ ಅಂತ ಒಪ್ಪುವುದಿಲ್ಲ. ಮೈಯ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತದಲ್ಲಿ ಪುರಾವೆ ಇನ್ನೂ ಕಡಿಮೆ. ಆ ಕಾಯಿಲೆ ಇದ್ದವರು ಮಾತ್ರೆ ನಿಲ್ಲಿಸಿ ಕುಂಡವನ್ನು ನಂಬಿಕೊಂಡು ಕೂತರೆ ಕೀಲುಗಳು ಮತ್ತೆ ಸರಿಮಾಡಲಾಗದ ಹಾಗೆ ಹಾಳಾಗುತ್ತವೆ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಸುಲಭವಾಗಿ ಅರ್ಥವಾಗುತ್ತದೆ. ಬಿಸಿಗೆ ಬಿಗಿದ ಸ್ನಾಯು ಸಡಿಲವಾಗುತ್ತದೆ, ರಕ್ತ ಚೆನ್ನಾಗಿ ಓಡುತ್ತದೆ. ಜೊತೆಗೆ ನೀರು ಮೈಯನ್ನು ಎತ್ತಿ ಹಿಡಿಯುತ್ತದೆ. ಸೊಂಟದವರೆಗೆ ನೀರಿದ್ದರೆ ಕಾಲಿನ ಮೇಲೆ ಬೀಳುವ ಭಾರ ಹೆಚ್ಚುಕಡಿಮೆ ಅರ್ಧ, ಕುತ್ತಿಗೆವರೆಗೆ ಇದ್ದರೆ ಹತ್ತರಲ್ಲಿ ಒಂದು ಪಾಲು ಮಾತ್ರ. ಅಮ್ಮ ನೀರೊಳಗೆ ನಿಂತು "ಕಾಲೇ ಇಲ್ಲವೇನೋ ಅನ್ನೋ ಹಾಗಿದೆ" ಅಂದಿದ್ದಳು. ನೀರಿನಲ್ಲಿ ನಿಂತಿರುವಾಗಲೇ ಮಂಡಿ ಮಡಚಿ ಬಿಡಿಸಿ ನಾಲ್ಕು ಹೆಜ್ಜೆ ಹಾಕಿದರೆ ಇನ್ನೂ ಒಳ್ಳೆಯದು. ಸುಮ್ನೆ ಕೂತು ಬರಬೇಡಿ.

ಕೀಲು ಕೆಂಪಾಗಿ ಊದಿಕೊಂಡು ಮುಟ್ಟಿದರೆ ಬಿಸಿಯಿದ್ದರೆ ಆಗ ಮಾತ್ರ ಬೇಡ. ಬಿಸಿ ಸೇರಿದರೆ ಊತ ಜಾಸ್ತಿಯಾಗಬಹುದು.

ಒಂದು ಸಲ ಮುಳುಗಿ ಬಂದರೆ ಸಾಕಾ?

ಪುಣ್ಯಕ್ಕೆ ಸಾಕು, ಮಂಡಿಗೆ ಸಾಲದು. ಫ್ರಾನ್ಸ್‌ನಲ್ಲಿ ಇದನ್ನು ಚಿಕಿತ್ಸೆ ಅಂತಲೇ ಡಾಕ್ಟರ್ ಬರೆದುಕೊಡುತ್ತಾರೆ, ಆದರೆ ಅದು ಮೂರು ವಾರ, 18 ದಿನದ ಚಿಕಿತ್ಸೆ. ಮೇಲೆ ಹೇಳಿದ ಪರೀಕ್ಷೆಗಳೂ ಹೀಗೆ ಎರಡು ಮೂರು ವಾರ ಸ್ನಾನ ಮಾಡಿದವರ ಮೇಲೆ ನಡೆದವು. ಯಾತ್ರೆಯ ಗಡಿಬಿಡಿಯಲ್ಲಿ ಹತ್ತು ನಿಮಿಷ ನಿಂತು ಬಂದರೆ ಆ ರಾತ್ರಿ ಒಳ್ಳೇ ನಿದ್ದೆ ಬರುತ್ತದೆ, ಎರಡು ದಿನ ಮೈ ಹಗುರವಾಗಿರುತ್ತದೆ. ಅದೇನು ಸಣ್ಣ ವಿಷಯವಲ್ಲ. ಆದರೆ ಅದಕ್ಕಿಂತ ಜಾಸ್ತಿ ಬಯಸಿ ಆಮೇಲೆ ಬೇಜಾರಾಗಬೇಡಿ.

ಹಾಗಾದರೆ ನಮ್ಮ ಬಚ್ಚಲಿನ ಹಂಡೆನೀರಿಗೂ ಇದಕ್ಕೂ ಏನು ವ್ಯತ್ಯಾಸ?

ಒಳ್ಳೇ ಪ್ರಶ್ನೆ. ಲಾಭದ ದೊಡ್ಡ ಪಾಲು ಬಿಸಿಯಿಂದ ಬರುವುದು, ಅದು ಹಂಡೆಯಲ್ಲೂ ಇದೆ. ದೀಪಾವಳಿಗೆ ಎಣ್ಣೆ ಹಚ್ಚಿ ಹಂಡೆತುಂಬ ನೀರು ಹೊಯ್ದುಕೊಂಡವರಿಗೆ ಆ ಸುಖ ಗೊತ್ತು, ಅಲ್ವಾ? ಮಲಗುವ ಒಂದೆರಡು ಗಂಟೆ ಮುಂಚೆ ಬಿಸಿನೀರಿನ ಸ್ನಾನ ಮಾಡಿದರೆ ಬೇಗ ನಿದ್ದೆ ಹತ್ತುತ್ತದೆ ಅನ್ನುವುದಕ್ಕೂ ಪುರಾವೆ ಇದೆ. ಯಾಕೆಂದರೆ ಸ್ನಾನದ ನಂತರ ಕೈಕಾಲಿನ ಮೂಲಕ ಬಿಸಿ ಹೊರಗೆ ಹೋಗಿ ಒಳಮೈ ತಣಿಯುತ್ತದೆ, ನಿದ್ದೆಗೆ ಬೇಕಾದದ್ದು ಅದೇ.

ಖನಿಜಗಳಿಂದ ಏನೂ ಇಲ್ಲವೇ ಅಂದರೆ, ಹಂಗೇರಿಯಲ್ಲಿ ಬುಗ್ಗೆಯ ನೀರನ್ನು ಅಷ್ಟೇ ಬಿಸಿಯ ನಲ್ಲಿ ನೀರಿನ ಜೊತೆ ಹೋಲಿಸಿ ನೋಡಿದ ಪರೀಕ್ಷೆಗಳಲ್ಲಿ ಬುಗ್ಗೆಯ ನೀರು ಸ್ವಲ್ಪ ಮುಂದೆ ಇದ್ದದ್ದುಂಟು. ಸ್ವಲ್ಪ ಅಷ್ಟೇ. ವಯಸ್ಸಾದವರನ್ನು ಅದಕ್ಕೋಸ್ಕರ ಸಾವಿರಾರು ಕಿಲೋಮೀಟರ್ ಎಳೆದುಕೊಂಡು ಹೋಗುವ ಅಗತ್ಯ ಇಲ್ಲ. ದೇವರ ದರ್ಶನಕ್ಕೆ ಹೋದಾಗ ಸಿಕ್ಕಿದರೆ ಖುಷಿಯಾಗಿ ಮಾಡಿ.

ಚರ್ಮದ ಕಾಯಿಲೆ ವಾಸಿಯಾಗುತ್ತೆ ಅಂತಾರಲ್ಲ?

ಎಲ್ಲ ಚರ್ಮದ ಕಾಯಿಲೆಯೂ ಒಂದೇ ಅಲ್ಲ. ಗಂಧಕಕ್ಕೆ ಚರ್ಮದ ಒಣ ಪದರವನ್ನು ಸಡಿಲ ಮಾಡುವ ಗುಣ ಇದೆ. ಕಜ್ಜಿಗೆ ಗಂಧಕದ ಮುಲಾಮು ಹಚ್ಚುವುದು ಹಳೇ ಕಾಲದಿಂದ ಇದೆ, ಡಾಕ್ಟರ್‌ಗಳು ಈಗಲೂ ಕೊಡುತ್ತಾರೆ. ಆದರೆ ಮುಲಾಮಿನಲ್ಲಿ ಇರುವಷ್ಟು ಗಂಧಕ ಬುಗ್ಗೆಯ ನೀರಲ್ಲಿ ಇರುವುದಿಲ್ಲ. ಸೋರಿಯಾಸಿಸ್ ಇದ್ದವರಿಗೆ ಕೆಲವು ವಾರದ ಖನಿಜನೀರಿನ ಸ್ನಾನ, ಅದರ ಜೊತೆಗೆ ಬಿಸಿಲು, ಎರಡೂ ಸೇರಿ ಗುಣ ಕೊಡುತ್ತವೆ. ಎಕ್ಸಿಮಾ ಇದ್ದವರಿಗೆ ಮಾತ್ರ ಜಾಸ್ತಿ ಬಿಸಿನೀರು ತದ್ವಿರುದ್ಧ. ಚರ್ಮ ಇನ್ನೂ ಒಣಗಿ ತುರಿಕೆ ಏರುತ್ತದೆ.

ಹುಳುಕಡ್ಡಿ, ತೊನ್ನು ಇವು ನೀರಿನಿಂದ ಹೋಗುವುದಿಲ್ಲ. ಹುಳುಕಡ್ಡಿ, ಕಜ್ಜಿ ಇದ್ದವರು ಕುಂಡಕ್ಕೆ ಇಳಿದು ಅಲ್ಲೇ ಟವೆಲ್ ಹಂಚಿಕೊಂಡರೆ ಬೇರೆಯವರಿಗೂ ಹರಡುತ್ತದೆ. ತೊನ್ನು ಹರಡುವ ಕಾಯಿಲೆಯೇ ಅಲ್ಲ, ಅವರನ್ನು ಕುಂಡದಿಂದ ದೂರ ನಿಲ್ಲಿಸುವುದು ಅನ್ಯಾಯ. ಒಂದು ಕಡೆ ಹಾಗೆ ನಿಲ್ಲಿಸಿದ್ದನ್ನು ಕಣ್ಣಾರೆ ನೋಡಿ ನನಗೆ ತುಂಬ ಸಂಕಟವಾಯಿತು.

ಎಷ್ಟು ಬಿಸಿ ಇದ್ದರೆ ಇಳಿಯಬಹುದು? ಎಷ್ಟು ಹೊತ್ತು?

ಆರೋಗ್ಯವಾಗಿರುವ ದೊಡ್ಡವರಿಗೆ 37ರಿಂದ 40 ಡಿಗ್ರಿ ಸೆಲ್ಸಿಯಸ್. 40 ಡಿಗ್ರಿಯಲ್ಲಿ ಮೊದಲ ಸಲ ಐದು ನಿಮಿಷ, ಮೈ ಒಪ್ಪಿದರೆ ಹತ್ತು, ಹದಿನೈದರ ಮೇಲೆ ಬೇಡ. 42 ದಾಟಿದರೆ ಇಳಿಯಬೇಡಿ, ತಣ್ಣೀರು ಬೆರೆಸಿ ಮೈಮೇಲೆ ಹೊಯ್ದುಕೊಳ್ಳಿ.

ಬದರಿಯ ತಪ್ತಕುಂಡ 45 ಡಿಗ್ರಿ ಆಸುಪಾಸು. ಗಣೇಶಪುರಿ ಕಡೆ 50ರ ಹತ್ತಿರ ಇರುವ ಕುಂಡಗಳೂ ಇವೆ. ಮಣಿಕರಣ್‌ನಲ್ಲಿ ನೀರು ಬುಗ್ಗೆಯಿಂದ ಬರುವಾಗಲೇ ಕುದಿಯುವ ಹಾಗಿರುತ್ತದೆ, ಗುರುದ್ವಾರದ ಲಂಗರಿಗೆ, ಅಂದರೆ ಎಲ್ಲರಿಗೂ ಬಡಿಸುವ ಉಚಿತ ಊಟಕ್ಕೆ, ಅಕ್ಕಿ ಬೇಳೆ ಬೇಯುವುದು ಅದರಲ್ಲೇ. ಸ್ನಾನದ ಕೊಳಕ್ಕೆ ತಣ್ಣೀರು ಬೆರೆಸಿರುತ್ತಾರೆ. ಯಮುನೋತ್ರಿಯ ಸೂರ್ಯಕುಂಡದಲ್ಲೂ ಅಕ್ಕಿ, ಆಲೂಗಡ್ಡೆ ಬಟ್ಟೆಯಲ್ಲಿ ಕಟ್ಟಿ ಬೇಯಿಸುತ್ತಾರೆ. ಮಕ್ಕಳ ಕೈ ಗಟ್ಟಿಯಾಗಿ ಹಿಡಿದುಕೊಳ್ಳಿ. 60 ಡಿಗ್ರಿ ನೀರು ಚರ್ಮವನ್ನು ಆಳಕ್ಕೆ ಸುಡಲು ಐದು ಸೆಕೆಂಡ್ ಸಾಕು.

ಒಂದು ಉಪಾಯ ಹೇಳುತ್ತೇನೆ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಸಾಮಾನ್ಯವಾಗಿ 43 ಡಿಗ್ರಿಯ ಆಚೆ ತೋರಿಸುವುದಿಲ್ಲ, ಅಂಕಿಯ ಬದಲು ಎಚ್ ಅಕ್ಷರ ಬರುತ್ತದೆ. ಒಂದು ತಂಬಿಗೆಯಲ್ಲಿ ನೀರು ತುಂಬಿಕೊಂಡು ಅದರ ತುದಿ ಅದ್ದಿ ನೋಡಿ. ಎಚ್ ಬಂತೋ, ಇಳಿಯುವ ಮಾತೇ ಇಲ್ಲ. ಪಾದರಸದ ಥರ್ಮಾಮೀಟರ್ ಅದ್ದಬೇಡಿ, ಒಡೆಯುತ್ತದೆ.

ಬಿಪಿ ಮಾತ್ರೆ ತಗೊಳ್ಳುವವರು, ಹಾರ್ಟ್ ತೊಂದರೆ ಇರುವವರು ಇಳಿಯಬಹುದಾ?

ನಮ್ಮ ಅಮ್ಮನ ವಿಷಯ ಹೇಳಿದರೆ ಬೇಗ ಅರ್ಥವಾಗುತ್ತದೆ. ಅವಳಿಗೆ 68 ವರ್ಷ, ಬಿಪಿಗೆ ದಿನಾ ಒಂದು ಮಾತ್ರೆ. ಬದರಿಯಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ಎಬ್ಬಿಸಿದರು. ಖಾಲಿ ಹೊಟ್ಟೆ, ಮಾತ್ರೆ ಮಾತ್ರ ನುಂಗಿದ್ದಳು, ಮೂತ್ರಕ್ಕೆ ಹೋಗಬೇಕಾಗುತ್ತದೆ ಅಂತ ಹಿಂದಿನ ದಿನದಿಂದ ಸರಿಯಾಗಿ ನೀರೂ ಕುಡಿದಿರಲಿಲ್ಲ. ಹೊರಗೆ ಕೊರೆಯುವ ಚಳಿ, ಕುಂಡದಲ್ಲಿ ಬಿಸಿ, ಹಾಗಾಗಿ ಹೊರಗೆ ಬರಲು ಮನಸ್ಸೇ ಇಲ್ಲ. ಜೊತೆಗೆ ಬಂದ ಟೂರಿನವರು "ಇರಿ ಅಜ್ಜಿ, ಎಷ್ಟು ಹೊತ್ತು ಇದ್ದರೆ ಅಷ್ಟು ಒಳ್ಳೇದು" ಅಂದರು. ಇಪ್ಪತ್ತು ನಿಮಿಷ ಆದಮೇಲೆ ಎದ್ದಳು. ಎರಡನೇ ಮೆಟ್ಟಿಲಿಗೆ ಕಣ್ಣು ಕತ್ತಲೆ ಬಂದು ಕುಸಿದಳು. ಹಿಂದಿದ್ದ ಇಬ್ಬರು ಹೆಂಗಸರು ಹಿಡಿದುಕೊಳ್ಳದಿದ್ದರೆ ತಲೆ ಕಲ್ಲಿಗೆ ಬಡಿಯುತ್ತಿತ್ತು.

ಆದದ್ದು ಇಷ್ಟು. ಬಿಸಿಗೆ ಚರ್ಮದ ರಕ್ತನಾಳಗಳು ಅಗಲವಾಗಿ ಬಿಪಿ ಇಳಿಯುತ್ತದೆ. ಮಾತ್ರೆಯೂ ಅದನ್ನೇ ಮಾಡುತ್ತದೆ. ಬೆವರಿ ಮೈಯ ನೀರು ಹೋಗಿರುತ್ತದೆ. ನೀರಿನಲ್ಲಿದ್ದಾಗ ಸುತ್ತಲಿನ ಒತ್ತಡ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ, ಎದ್ದು ನಿಂತ ಕೂಡಲೇ ಅದು ತಪ್ಪಿ ರಕ್ತ ಕಾಲಿಗೆ ಇಳಿಯುತ್ತದೆ, ಮೆದುಳಿಗೆ ಸಾಲುವುದಿಲ್ಲ. ಬದರಿ 3,100 ಮೀಟರ್ ಎತ್ತರದಲ್ಲಿದೆ, ಅಲ್ಲಿ ಆಮ್ಲಜನಕವೂ ಕಡಿಮೆ. ಜಪಾನಿನಲ್ಲಿ ಚಳಿಗಾಲದಲ್ಲಿ ವಯಸ್ಸಾದವರು ಬಿಸಿನೀರಿನ ತೊಟ್ಟಿಯಲ್ಲೇ ಸಾಯುವುದು ದೊಡ್ಡ ಸಮಸ್ಯೆ. ತಣ್ಣನೆಯ ಕೋಣೆಯಿಂದ ಸುಡುವ ನೀರಿಗೆ, ಮತ್ತೆ ತಣ್ಣಗಿರುವಲ್ಲಿಗೆ ಓಡಾಡುವುದೇ ಅದಕ್ಕೆ ಮುಖ್ಯ ಕಾರಣ.

ಬಿಪಿ ಹತೋಟಿಯಲ್ಲಿದ್ದು ಡಾಕ್ಟರ್ ಸರಿ ಅಂದಿದ್ದರೆ ಎದೆಯಿಂದ ಕೆಳಗೆ ಮಾತ್ರ ನೀರು ಬರುವ ಹಾಗೆ ಐದಾರು ನಿಮಿಷ ಕೂರಬಹುದು. ಮೊದಲು ಎರಡು ಲೋಟ ನೀರು ಕುಡಿಯಿರಿ, ಏನಾದರೂ ತಿನ್ನಿ. ಏಳುವಾಗ ಮೆಟ್ಟಿಲ ಮೇಲೆ ಒಂದು ನಿಮಿಷ ಕೂತು, ಯಾರದಾದರೂ ಕೈ ಹಿಡಿದು ಏಳಿ. ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆದವರು, ನಡೆದರೆ ಎದೆನೋವು ಬರುವವರು, ಹಾರ್ಟ್ ಫೇಲ್ಯೂರ್ ಹತೋಟಿಗೆ ಬಾರದವರು, ಜ್ವರ ಇರುವವರು ಇಳಿಯಲೇಬಾರದು. ಕುಡಿದು ಇಳಿಯುವುದಂತೂ ಜೀವಕ್ಕೇ ಅಪಾಯ. ಎದೆಗೆ, ಬೆನ್ನಿಗೆ ಔಷಧದ ಪಟ್ಟಿ ಅಂಟಿಸಿಕೊಂಡವರು ಡಾಕ್ಟರ್ ಹತ್ತಿರ ಕೇಳಿ, ಬಿಸಿಗೆ ಔಷಧ ಒಮ್ಮೆಗೇ ಜಾಸ್ತಿ ಒಳಗೆ ಹೋಗಬಹುದು.

ಶುಗರ್ ಇರುವವರು?

ಇಲ್ಲಿ ಅಪಾಯ ಕಾಲಿನದ್ದು. ವರ್ಷಗಟ್ಟಲೆ ಶುಗರ್ ಇದ್ದವರಿಗೆ ಪಾದದ ಸ್ಪರ್ಶ ಮಂದವಾಗಿರುತ್ತದೆ, ಬಿಸಿ ತಿಳಿಯುವುದೇ ಇಲ್ಲ. ನಮ್ಮ ದೊಡ್ಡಪ್ಪ ಎಲ್ಲರೂ ಹಾ ಹೂ ಅನ್ನುತ್ತಿದ್ದ ಕುಂಡದಲ್ಲಿ ಆರಾಮಾಗಿ ಕಾಲು ಬಿಟ್ಟುಕೊಂಡು ಕೂತಿದ್ದರು, ಅವರ ಸಹನೆ ನೋಡಿ ನಾವೆಲ್ಲ ಮೆಚ್ಚಿಕೊಂಡೆವು. ಮಾರನೇ ದಿನ ಸಾಕ್ಸ್ ತೆಗೆಯುವಾಗ ದೊಡ್ಡಮ್ಮ ನೋಡಿದರೆ ಹೆಬ್ಬೆರಳಿನ ಕೆಳಗೆ ರೂಪಾಯಿ ಅಗಲದ ಬೊಬ್ಬೆ. ಅದು ಒಣಗಲು ಎರಡು ತಿಂಗಳು ಬೇಕಾಯಿತು.

ಕಾಲಿನಿಂದ ಬಿಸಿ ನೋಡಬೇಡಿ. ಮೊಣಕೈ ಅದ್ದಿ ನೋಡಿ, ಅಥವಾ ಶುಗರ್ ಇಲ್ಲದವರ ಕೈಯಲ್ಲಿ ನೋಡಿಸಿ. ಬರಿಗಾಲಲ್ಲಿ ಕಾದ ಕಲ್ಲಿನ ಮೇಲೆ ನಡೆಯಬೇಡಿ. ಗಾಯ ಇದ್ದರೆ ಇಳಿಯಬೇಡಿ. ಇನ್ಸುಲಿನ್ ಚುಚ್ಚಿಕೊಂಡ ಕೂಡಲೇ ಬಿಸಿನೀರಿಗೆ ಹೋದರೆ ಅದು ಬೇಗ ರಕ್ತ ಸೇರಿ ಶುಗರ್ ಥಟ್ಟನೆ ಇಳಿಯಬಹುದು, ಹಾಗಾಗಿ ಜೇಬಲ್ಲಿ ಬೆಲ್ಲವೋ ಚಾಕಲೇಟೋ ಇರಲಿ.

ಗರ್ಭಿಣಿಯರು, ಬಾಣಂತಿಯರು, ಮಕ್ಕಳು?

ಗರ್ಭಿಣಿಯರು, ಅದರಲ್ಲೂ ಮೊದಲ ಮೂರು ತಿಂಗಳಿನವರು, ಬಿಸಿ ಕುಂಡಕ್ಕೆ ಇಳಿಯಬಾರದು. ತಾಯಿಯ ಒಳಮೈ ಬಿಸಿ 39 ಡಿಗ್ರಿ ದಾಟಿದರೆ ಮಗುವಿನ ಮೆದುಳು, ಬೆನ್ನುಹುರಿ ಬೆಳೆಯುವುದರಲ್ಲಿ ದೋಷ ಬರುವ ಸಾಧ್ಯತೆ ಏರುತ್ತದೆ. ಹೊಯ್ದುಕೊಳ್ಳುವ ಬೆಚ್ಚನೆ ನೀರಿನ ಸ್ನಾನಕ್ಕೆ ಅಡ್ಡಿ ಇಲ್ಲ. ಬಾಣಂತಿಗೆ ಮನೆಯಲ್ಲಿ ಹಂಡೆನೀರು ಹೊಯ್ಯುವುದಕ್ಕೂ ನೂರಾರು ಜನ ಇಳಿಯುವ ಕುಂಡದಲ್ಲಿ ಕೂರಿಸುವುದಕ್ಕೂ ತುಂಬ ವ್ಯತ್ಯಾಸ ಇದೆ, ಹೊಲಿಗೆ ಪೂರ್ತಿ ಒಣಗುವವರೆಗೆ ಕುಂಡ ಬೇಡ. ಚಿಕ್ಕ ಮಕ್ಕಳ ಮೈ ನಮಗಿಂತ ಬಹಳ ಬೇಗ ಕಾಯುತ್ತದೆ. ಐದು ವರ್ಷದೊಳಗಿನವರಿಗೆ ತಂಬಿಗೆಯಲ್ಲಿ ತಣಿಸಿ ಹೊಯ್ದರೆ ಸಾಕು.

ಮಗುವಿಗಾಗಿ ಕಾಯುತ್ತಿದ್ದೇವೆ, ಗಂಡಸರಿಗೆ ತೊಂದರೆ ಉಂಟಾ?

ಮತ್ತೆ ಮತ್ತೆ ಬಿಸಿನೀರಲ್ಲಿ ಕೂತರೆ ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ. ಬಿಟ್ಟರೆ ಎರಡು ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಸರಿಹೋಗುತ್ತದೆ. ಯಾತ್ರೆಯ ಒಂದು ಸ್ನಾನದಿಂದ ಹೆದರಬೇಕಾದ್ದಿಲ್ಲ.

ಮೂರು ಮುಳುಗು ಹಾಕಲೇಬೇಕಾ? ಮೆದುಳು ತಿನ್ನುವ ಅಮೀಬಾ ಅಂತ ಸುದ್ದಿ ನೋಡಿದೆ.

ದಯವಿಟ್ಟು ತಲೆ ಮುಳುಗಿಸಬೇಡಿ. ಈ ಇಡೀ ಪುಟದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನೆಗ್ಲೇರಿಯಾ ಫೌಲೆರಿ ಅನ್ನುವ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಇರುತ್ತದೆ, 46 ಡಿಗ್ರಿವರೆಗೂ ಬೆಳೆಯುತ್ತದೆ. ಕುಡಿದರೆ ಏನೂ ಆಗುವುದಿಲ್ಲ, ಚರ್ಮದ ಮೂಲಕವೂ ಬರುವುದಿಲ್ಲ. ನೀರು ಜೋರಾಗಿ ಮೂಗಿನ ಮೇಲ್ಭಾಗಕ್ಕೆ ಹೋದರೆ ಮಾತ್ರ ಅಲ್ಲಿಂದ ಮೆದುಳಿಗೆ ದಾರಿ ಮಾಡಿಕೊಳ್ಳುತ್ತದೆ. ಬಹಳ ಅಪರೂಪದ ಕಾಯಿಲೆ, ಆದರೆ ಬಂದವರಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಜನ ಉಳಿಯುವುದಿಲ್ಲ. ಇಂಗ್ಲೆಂಡಿನ ಬಾತ್ ಊರಿನಲ್ಲಿ ರೋಮನ್ನರ ಕಾಲದಿಂದ ಜನ ಸ್ನಾನ ಮಾಡುತ್ತಿದ್ದ ಬುಗ್ಗೆಯ ನೀರಿನಿಂದ 1978ರಲ್ಲಿ ಒಬ್ಬಳು ಹುಡುಗಿ ಹೀಗೇ ತೀರಿಕೊಂಡಳು, ಅಲ್ಲಿ ಸ್ನಾನವನ್ನೇ ನಿಲ್ಲಿಸಿದರು. ಹೊಸ ಕೊಳವೆ ಕೊರೆದು, ನೀರು ಶುದ್ಧಮಾಡಿ 2006ರಲ್ಲಿ ಬೇರೆ ಸ್ನಾನಗೃಹ ತೆರೆದರು. ನಮ್ಮ ಪಕ್ಕದ ಕೇರಳದಲ್ಲಿ 2024, 2025ರಲ್ಲಿ ಅಮೀಬಾದಿಂದ ಬರುವ ಮೆದುಳಿನ ಸೋಂಕು ಎಷ್ಟೋ ಜನಕ್ಕೆ ಬಂತು, ಅಲ್ಲಿ ಬಿಸಿ ಬುಗ್ಗೆಯಲ್ಲ, ಸಾಮಾನ್ಯ ಕೆರೆ ಬಾವಿ ನೀರಿನ ಮೇಲೇ ಅನುಮಾನ.

ತಂಬಿಗೆಯಿಂದ ನೆತ್ತಿಗೆ ಮೂರು ಸಲ ನೀರು ಹೊಯ್ದುಕೊಂಡರೂ ತೀರ್ಥಸ್ನಾನವೇ. ನಾವು ಕೇಳಿದಾಗ ಅಲ್ಲಿನ ಅರ್ಚಕರೂ ಹಾಗೇ ಹೇಳಿದರು. ಮುಳುಗಲೇಬೇಕು ಅನ್ನುವವರು ಮೂಗನ್ನು ಬೆರಳಲ್ಲಿ ಬಿಗಿಯಾಗಿ ಒತ್ತಿ ಹಿಡಿಯಿರಿ. ಕುಂಡದ ನೀರನ್ನು ಮೂಗಿಗೆ ಏರಿಸಿ ಜಲನೇತಿ ಮಾಡುವವರನ್ನೂ ನೋಡಿದ್ದೇನೆ, ಅದು ಬೇಡವೇ ಬೇಡ. ತಳದ ಕೆಸರು ಕದಡಬೇಡಿ.

ಬೇರೆ ಸೋಂಕುಗಳು?

ನೀರು ಹರಿಯುತ್ತಿದೆಯಾ ನಿಂತಿದೆಯಾ ನೋಡಿ. ನಿಂತ ಬೆಚ್ಚನೆ ನೀರಿನಲ್ಲಿ ಜನ ಇಳಿದಷ್ಟೂ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಒಂದೆರಡು ದಿನದ ಮೇಲೆ ಬಟ್ಟೆ ಒತ್ತಿಕೊಂಡಿದ್ದ ಜಾಗದಲ್ಲಿ ಕೆಂಪು ಗುಳ್ಳೆ ಏಳುವುದು ಇದರಿಂದಲೇ, ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ. ಲೀಜಿಯೊನೆಲ್ಲ ಅನ್ನುವ ಬ್ಯಾಕ್ಟೀರಿಯಾ 25ರಿಂದ 45 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ, ಕಾರಂಜಿ, ಶವರ್‌ಗಳ ತುಂತುರನ್ನು ಉಸಿರಾಡಿದರೆ ನ್ಯುಮೋನಿಯಾ ಬರಬಹುದು. ಹೊಳೆದಂಡೆಯ ಬುಗ್ಗೆಗೆ ಮಳೆಗಾಲದಲ್ಲಿ ಹೊಳೆನೀರು ಸೇರುತ್ತದೆ, ನಮ್ಮ ಕರಾವಳಿಯಲ್ಲಿ ಇಲಿ ಮೂತ್ರ ಸೇರಿದ ನೀರಿನಿಂದ ಬರುವ ಇಲಿಜ್ವರ ಇರುವುದರಿಂದ ಕಾಲಲ್ಲಿ ಗಾಯ ಇದ್ದವರು ಆಗ ಇಳಿಯಬಾರದು. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಟ್ಟು ಹೋಗಿ.

ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ವಿಷವಾ?

ಅದು ಹೈಡ್ರೋಜನ್ ಸಲ್ಫೈಡ್ ಅನಿಲ. ಬಯಲಲ್ಲಿ, ಗಾಳಿ ಆಡುವ ಕಡೆ ತೊಂದರೆ ಇಲ್ಲ. ಕಿಟಕಿ ಇಲ್ಲದ ಸ್ನಾನದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡರೆ ಅಪಾಯ, ಜಪಾನಿನಲ್ಲಿ ಹೀಗೆ ಜನ ಸತ್ತಿದ್ದಾರೆ. ಅನಿಲ ಜಾಸ್ತಿಯಾದಾಗ ಮೂಗು ಮಂದವಾಗಿ ವಾಸನೆಯೇ ಬರುವುದಿಲ್ಲ, ಹಾಗಾಗಿ ವಾಸನೆ ಹೋಯಿತು ಅಂದರೆ ಅನಿಲ ಹೋಯಿತು ಅಂತಲ್ಲ. ತಲೆ ಸುತ್ತಿದರೆ, ಕಣ್ಣು ಉರಿದರೆ ತಕ್ಷಣ ಹೊರಗೆ ಬನ್ನಿ. ಉಬ್ಬಸ ಇರುವವರಿಗೆ ಈ ವಾಸನೆಯೇ ಕೆರಳಿಸಬಹುದು.

ಬೆಳ್ಳಿ ಕಾಲುಂಗುರ, ಗೆಜ್ಜೆ ಕಪ್ಪಾದರೆ ಹೆದರಬೇಡಿ. ಗಂಧಕ ತಾಗಿ ಆಗುವುದು, ತಿಕ್ಕಿ ತೊಳೆದರೆ ಹೋಗುತ್ತದೆ.

ಕುಡಿಯಬಹುದಾ? ಬಾಟಲಿಯಲ್ಲಿ ಮನೆಗೆ ತರಬಹುದಾ?

ಕುಡಿಯಬೇಡಿ. ಬಿಸಿ ಬುಗ್ಗೆಗಳಲ್ಲಿ ಫ್ಲೋರೈಡ್ ಹೆಚ್ಚಾಗಿ ಮಿತಿ ದಾಟಿರುತ್ತದೆ, ಕೆಲವು ಕಡೆ ಆರ್ಸೆನಿಕ್ ಕೂಡ. ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದರೆ ಏನಾಗುತ್ತದೆ ಅಂತ ಪಾವಗಡ, ಬಾಗೇಪಲ್ಲಿ ಕಡೆಯ ಹಳ್ಳಿಗಳಲ್ಲಿ ಹಲ್ಲು ಹಳದಿಯಾಗಿ, ಮೂಳೆ ಬಾಗಿದವರನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಒಂದು ಉದ್ಧರಣೆ ತೀರ್ಥ ಬಾಯಿಗೆ ಹಾಕಿಕೊಂಡರೆ ಫ್ಲೋರೈಡಿನಿಂದ ಏನೂ ಆಗದು, ಆದರೆ ಸಾವಿರ ಜನ ಇಳಿದ ಕುಂಡದ ನೀರಿನಿಂದ ಹೊಟ್ಟೆ ಕೆಡಬಹುದು. ದೇವರ ಮನೆಯಲ್ಲಿ ಇಡಲು ಒಂದು ಪುಟ್ಟ ಬಾಟಲಿ ತನ್ನಿ, ಬೇಡ ಅನ್ನುವುದಿಲ್ಲ.

ಬಂದಮೇಲೆ ಜ್ವರ ಬಂದರೆ?

ಸ್ನಾನವಾಗಿ ಎರಡು ವಾರದೊಳಗೆ ಜೋರು ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಗ್ಗಿಸಲು ಆಗದಿರುವುದು, ಮಾತು ತಡವರಿಸುವುದು ಕಂಡರೆ ಒಂದು ಗಂಟೆಯೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. ಒಂದು ತಿಂಗಳೊಳಗೆ ಜ್ವರದ ಜೊತೆ ಮೀನಖಂಡ ನೋಯುವುದು, ಕಣ್ಣು ಕೆಂಪಾಗುವುದು ಇದ್ದರೆ ಇಲಿಜ್ವರದ ಪರೀಕ್ಷೆ ಮಾಡಿಸಿ. ಎರಡರಲ್ಲೂ ಬೇಗ ಔಷಧ ಶುರುವಾದರೆ ಉಳಿಯುವ ಸಾಧ್ಯತೆ ಜಾಸ್ತಿ. ಮನೆಯಲ್ಲಿ ಆಮೇಲೆ ನೆನಪಾಗಿ ಹೇಳುವುದಲ್ಲ, ಡಾಕ್ಟರ್ ಎದುರು ಕೂತ ಮೊದಲ ಮಾತಿನಲ್ಲೇ ಹೇಳಿ: ಇಂಥ ಊರಿನ ಬಿಸಿನೀರಿನ ಕುಂಡದಲ್ಲಿ ಇಂಥ ದಿನ ಸ್ನಾನ ಮಾಡಿದ್ದೆ, ಮೂಗಿಗೆ ನೀರು ಹೋಗಿತ್ತು.